ದೋಣಿಯ ಎರಡು ಮಗ್ಗುಲು

ತ್ಸುಮಾ ಏದುಸಿರು ಬಿಡುತ್ತ ಓಡಿ ಬಂದಾಗ ಕಟಾನಾ ಎರಡನೆಯ ಮಹಮ್ರಿಯನ್ನು, ಎಣ್ಣೆಯಲ್ಲಿ ಕರಿದ ಆ ಸಿಹಿ ರೊಟ್ಟಿಯನ್ನು, ಇನ್ನೂ ಚಹಾದಲ್ಲಿ ಅದ್ದಿರಲಿಲ್ಲ. ಕಿಲಿಫಿ ಹಿನ್ನೀರಿನ ದಡದಲ್ಲಿ ದೋಣಿ ರಿಪೇರಿ ಮಾಡುವ ಆ ಕಟ್ಟೆಗೆ ಕಟಾನಾ ಕಾವಲುಗಾರ. ಅಲ್ಲೇ ಮೂಲೆಯ ಕೋಣೆಯಲ್ಲಿ ಹಾಯಿಬಟ್ಟೆ ಹೊಲಿಯುತ್ತಿದ್ದ ಬಿಬಿ ಕಾಡ್ಜೊಗೆ ಬಲಗೈ ಬಂಟ. ಬಿಬಿ ಮೂವತ್ತು ವರ್ಷ ಮೊಂಬಾಸಾ ಪೊಲೀಸರ ಬೆರಳಚ್ಚು ವಿಭಾಗದಲ್ಲಿ ಇದ್ದವಳು. ಕಟ್ಟೆಯಲ್ಲಿ ಕೋಳಿ ಕಳೆದರೂ ಜನ ಮೊದಲು ತಟ್ಟುತ್ತಿದ್ದುದು ಅವಳ ಬಾಗಿಲನ್ನೇ.

"ಬಿಬಿ, ನನ್ನ ಕತೆ ಮುಗೀತು!" ಎಂದ ತ್ಸುಮಾ. "ದೋಣಿ ಪಟ್ಟಿ ಕೀಳ್ತಾ ಹೋದ ಹಾಗೆ ಒಳಗಿಂದ ಗೀರು ಕಾಣಿಸ್ತು. ನಾನು ಮಾಡಿದ್ದಲ್ಲ ಅಂದ್ರೆ ಯಾರೂ ನಂಬಲ್ಲ. ಜುಹುರಮ್ಮ ಕಟ್ಟೆಯಿಂದ ಆಚೆ ಹಾಕಿಸ್ತೀನಿ ಅಂತಿದಾರೆ."

ಒಂಬತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದವನಿಗೆ ಅವನ ಹೆಸರಿಗೇ ಸಿಕ್ಕ ಮೊದಲ ದೋಣಿ ಅದು. ಹಳೆಯ ಸ್ಟಿಕ್ಕರ್ ಪಟ್ಟಿಗಳನ್ನೂ ಹೆಸರಿನ ಅಕ್ಷರಗಳನ್ನೂ ಕಿತ್ತು, ತಿಕ್ಕಿ ಹೊಳಪು ಕೊಡುವ ಕೆಲಸ. ಕೆಲಸ ಬಲ್ಲವನನ್ನು ಅಲ್ಲಿ ಫುಂಡಿ ಎನ್ನುತ್ತಾರೆ. ತ್ಸುಮಾನನ್ನು ಇನ್ನೂ ಯಾರೂ ಹಾಗೆ ಕರೆದಿರಲಿಲ್ಲ. ಈಗ ಹೆಸರು ಕೆಟ್ಟರೆ ಮುಂದೆಂದೂ ಕರೆಯುವವರಿರಲಿಲ್ಲ.

"ಅಳೋದು ಆಮೇಲೆ," ಎಂದಳು ಬಿಬಿ. "ಬ್ಲೇಡು ಹಿಡಿದಿದ್ಯೇನೋ?"

"ಉಂಟೇ ಬಿಬಿ! ಬಿಸಿಲೇರಿ ಪಟ್ಟಿ ಮೆತ್ತಗಾಗೋ ತನಕ ಕಾಯ್ತೀನಿ. ಆಮೇಲೆ ಪ್ಲಾಸ್ಟಿಕ್ ಕಾರ್ಡಲ್ಲಿ ತುದಿ ಎಬ್ಬಿಸಿ ನಿಧಾನಕ್ಕೆ ಎಳೀತೀನಿ."

ದೋಣಿಯ ಬಳಿ ಒಡತಿ ಜುಹುರಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಗಂಡ ತೀರಿಹೋದ ಮೇಲೆ ಪ್ರವಾಸಿಗಳನ್ನು ಕರೆದೊಯ್ಯುವ ಈ ನೀಲಿ ಫೈಬರ್ ದೋಣಿಯೇ ಅವಳ ಅನ್ನ. ಅದನ್ನು ನಡೆಸುವವನು ಮೈದುನ ಅಥ್ಮಾನ್. ದೋಣಿಯ ಬಲಮಗ್ಗುಲಲ್ಲಿ, ಪಟ್ಟಿ ಕಿತ್ತ ಜಾಗದಲ್ಲಿ, ಮೊಳದುದ್ದದ ಮೂರು ಗೀರುಗಳು ಬಾಯ್ದೆರೆದಿದ್ದವು.

"ನೋಡಿ ಅತ್ತಿಗೆ, ದೋಣಿ ಅಡಿಯಲ್ಲೇ ಸಿಕ್ತು," ಎಂದು ಅಥ್ಮಾನ್ ಫಳಫಳ ಹೊಳೆಯುವ ಬ್ಲೇಡೊಂದನ್ನು ಎತ್ತಿ ತೋರಿಸಿದ. ತ್ಸುಮಾ ಅವಸರಕ್ಕೆ ಬಿದ್ದು ಕೆಟ್ಟನೇನೋ ಎಂದು ಕಟಾನಾನಿಗೂ ಅನುಮಾನ ಬಂತು.

ಬಿಬಿ ಬ್ಲೇಡನ್ನು ತಿರುಗಿಸಿ ನೋಡಿ, "ಈ ಪಟ್ಟಿ ಅಂಟಿಸಿದ್ದು ಯಾರಪ್ಪಾ?" ಎಂದಳು.

"ನಾನೇ! ಹನ್ನೆರಡು ವರ್ಷದ ಹಿಂದೆ, ಎರಡೂ ಕಡೆ ಒಂದೇ ದಿನ, ಒಂದೇ ಸುರುಳಿಯಿಂದ. ಆವತ್ತಿಂದ ಇನ್ನೊಬ್ಬರ ಕೈ ತಾಗಿಲ್ಲ."

ಬಿಬಿ ತಲೆಯಾಡಿಸಿ ಎಡಮಗ್ಗುಲಿಗೆ ಹೋದಳು. ಹಿಂದಿನ ದಿನ ತ್ಸುಮಾ ಅಲ್ಲಿ ಪಟ್ಟಿ ಕಿತ್ತಿದ್ದ. ಅಂಗೈ ಇಟ್ಟು ಅಳತೆ ಮಾಡಿದಳು. ಮತ್ತೆ ದೋಣಿ ಸುತ್ತಿ ಬಂದು ಬಲಮಗ್ಗುಲನ್ನೂ ಅಳೆದಳು. "ಕಟಾನಾ, ಆ ಕಡೆ ಎಷ್ಟು ನೀಲಿ? ಈ ಕಡೆ ಎಷ್ಟು?"

ಕಟಾನಾ ಎರಡು ಸುತ್ತು ಹಾಕಿದ. "ಆ ಕಡೆ ಎರಡು ಬಿಬಿ. ಪಟ್ಟಿ ಇದ್ದಲ್ಲಿ ಗಾಢ, ಉಳಿದದ್ದು ಮಾಸಲು. ಈ ಕಡೆ ಮೂರು. ಗಾಢದ ಕೆಳಗೆ ನಾಲ್ಕು ಬೆರಳಗಲ ಗಾಢಕ್ಕೂ ಮಾಸಲಿಗೂ ನಡುವಿನ ಇನ್ನೊಂದು ನೀಲಿ."

"ಕಣ್ಣು ಎದ್ದಿದೆ, ತಲೆ ಇನ್ನೂ ಮಲಗಿದೆ. ಹೋಗು, ಈ ಕಡೆ ಕಿತ್ತ ಪಟ್ಟಿ ತಗೊಂಡು ಬಾ."

ತ್ಸುಮಾ ಕಿತ್ತ ಪಟ್ಟಿಗಳನ್ನು ಎಂದೂ ಬಿಸಾಡುತ್ತಿರಲಿಲ್ಲ, ಸುರುಳಿ ಸುತ್ತಿ ಇಡುತ್ತಿದ್ದ. ಕಟಾನಾ ತಂದ ಸುರುಳಿ ಬಿಚ್ಚಿ ಬಿಬಿ ಅದರ ಅಂಟಿನ ಬದಿಯ ಮೇಲೆ ಬೆರಳಾಡಿಸಿದಳು. ಅವಳ ಮುಖದಲ್ಲಿ ನಗೆ ಮೂಡಿದ್ದು ಕಂಡು ಕಟಾನಾನಿಗೆ ಜೀವ ಬಂದಂತಾಯಿತು.

ಬಾದಾಮಿ ಮರದಡಿ ಎಲ್ಲರನ್ನೂ ಕೂರಿಸಿ ಬಿಬಿ ಮಾತು ಶುರುಮಾಡಿದಳು.

"ಮೊದಲು ಬ್ಲೇಡು. ಸ್ಟಿಕ್ಕರ್ ಕಿತ್ತ ಬ್ಲೇಡು ಹಲಸಿನಹಣ್ಣು ಕೊಯ್ದ ಚಾಕುವಿನ ಹಾಗಿರಬೇಕು. ಇದರಲ್ಲಿ ಒಂದು ಚೂರೂ ಅಂಟು ಇಲ್ಲ. ಅಂದ್ರೆ ಕೆಲಸಕ್ಕೆ ಬಂದ ಬ್ಲೇಡಲ್ಲ, ತೋರಿಸೋಕೆ ತಂದಿದ್ದು. ಇನ್ನು ಪಟ್ಟಿ. ಜುಹುರಾ, ಅಂಟಿನ ಬದಿ ಮುಟ್ಟಿ ನೋಡು."

ಜುಹುರಾ ಮುಟ್ಟಿದಳು. "ಉಬ್ಬು ಉಬ್ಬಾಗಿದೆ. ಮೂರು ಗೆರೆ."

"ಗೀರಿನ ಅಚ್ಚು ಅದು. ಗೀರು ಮೊದಲು ಇತ್ತು, ಅದರ ಮೇಲೆ ಪಟ್ಟಿ ಬಂತು, ಬಿಸಿಲಿಗೆ ಒಳಗೆ ಇಳಿದು ಕೂತ್ಕೊಂಡ್ತು. ತ್ಸುಮಾ ಇವತ್ತು ಗೀರಿದ್ರೆ ಅಚ್ಚು ಎಲ್ಲಿಂದ ಬರ್ಬೇಕು?"

"ಹಾಗಾದ್ರೆ ಯಾರು?"

"ಬಣ್ಣ ಹೇಳುತ್ತೆ. ಪಟ್ಟಿಯಡಿ ನೀಲಿ ಮಾಸಲ್ಲ. ಬಲಗಡೆ ಹಳೇ ಪಟ್ಟಿ ಒಂದು ಅಂಗೈ ಅಗಲ, ಎಡಗಡೆಯಷ್ಟೇ. ಕೆಳಗಿನ ನಾಲ್ಕು ಬೆರಳು ಕೆಲವು ವರ್ಷ ಬಿಸಿಲು ತಿಂದಿದೆ, ಆಮೇಲೆ ಮುಚ್ಚಿದೆ. ಗೀರು ಇರೋದು ಅಲ್ಲೇ. ಯಾರೋ ಹಳೇದು ಕಿತ್ತು, ಗೀರು ಮುಚ್ಚೋಕೆ ಅಗಲದ ಪಟ್ಟಿ ಹಾಕಿದಾರೆ. ಯಾರಿಗೂ ಗೊತ್ತಾಗಲಿಲ್ಲ. ದೋಣಿಯ ಎರಡೂ ಮಗ್ಗುಲನ್ನ ಒಟ್ಟಿಗೇ ನೋಡೋ ಕಣ್ಣು ಯಾರಿಗಿದೆ? ಒಂದೇ ದಿನ, ಒಂದೇ ಸುರುಳಿ ಅಂದಿದ್ದು ಸುಳ್ಳು. ಇನ್ನೊಬ್ಬರ ಕೈ ತಾಗಿಲ್ಲ ಅಂದಿದ್ದು ಮಾತ್ರ ನಿಜ. ಅಲ್ವೇನಪ್ಪಾ ಅಥ್ಮಾನ್?"

ಅಥ್ಮಾನ್ ತಲೆ ತಗ್ಗಿಸಿದ. "ಐದು ವರ್ಷ ಆಯ್ತು ಅತ್ತಿಗೆ. ಸೌದಾ ಮುಂದೆ ಜೋರು ತೋರ್ಸೋಕೆ ಹೋಗಿ ಹವಳದ ಬಂಡೆಗೆ ಉಜ್ಜಿಬಿಟ್ಟೆ. ಆಗಿನ್ನೂ ನಮ್ಮ ಮದುವೆ ಆಗಿರ್ಲಿಲ್ಲ. ಪಟ್ಟಿ ಕೀಳಿಸ್ತೀನಿ ಅಂತ ನೀವು ಅಂದಾಗಿಂದ ನಿದ್ದೆ ಇಲ್ಲ."

ಜುಹುರಾ ನಕ್ಕುಬಿಟ್ಟಳು. ಆದರೆ ನಗು ಬೇಗ ನಿಂತಿತು. "ಹುಡುಗಿಗೋಸ್ಕರ ನನ್ನ ದೋಣಿ ಗೀರಿದ್ಯಾ, ಹೋಗ್ಲಿ. ಇನ್ನೊಬ್ಬನ ಅನ್ನಕ್ಕೆ ಮಣ್ಣು ಹಾಕೋಕೆ ಹೊರಟೆಯಲ್ಲ, ಅದಕ್ಕೇನು ಹೇಳ್ತೀಯ? ಗೀರು ತುಂಬಿ ಹೊಳಪು ಬರೋ ತನಕ ನೀನು ಇವನ ಕೈಕೆಳಗೆ ಕೆಲಸ ಮಾಡು."

ಅವಳು ತ್ಸುಮಾನ ಕಡೆ ತಿರುಗಿದಳು. "ತಪ್ಪು ತಿಳ್ಕೊಂಡೆ, ಫುಂಡಿ. ಇವನು ಎಲ್ಲಿಂದ ಶುರು ಮಾಡ್ಲಿ, ಹೇಳು."

ನೆರಳು ಬಿದ್ದಿದ್ದ ದೋಣಿಯ ಮುಂಭಾಗದಲ್ಲಿ ಮಾರುದ್ದದ ಪಟ್ಟಿ ಇನ್ನೂ ಉಳಿದಿತ್ತು. ತ್ಸುಮಾ ಹೋಗಿ ಅದರ ಮೇಲೆ ಅಂಗೈ ಇಟ್ಟು ನೋಡಿದ. ಆಮೇಲೆ ಹೇಳಿದ, "ಇನ್ನೂ ಕಾವು ಸಾಲದು. ಅಲ್ಲಿ ತನಕ ಎಲ್ಲರಿಗೂ ಚಹಾ ತಗೊಂಡು ಬಾ, ಅಥ್ಮಾನ್."