ಇಪ್ಪತ್ತೈದು ಪಟ್ಟು ಹತ್ತಿರ

ಏಪ್ರಿಲ್ ನಾಲ್ಕರ ಬೆಳಿಗ್ಗೆ ಎಂಟು ಗಂಟೆಗೆ ಹೆರ್ಮಿಂದಾ ಯಾಂಕಾಮಿಲ್ ಲೋಮಾ ಕೊಲೊರಾದ ಠಾಣೆಯ ಮೆಟ್ಟಿಲು ಹತ್ತಿದಾಗ, ಅವಳ ಗಂಡನ ಕಡತ ಹೆಚ್ಚುಕಡಿಮೆ ಮುಚ್ಚಿಯಾಗಿತ್ತು.

ಅದು ಲಾ ಪಾಂಪಾ ಪ್ರಾಂತ್ಯದ ಕಾಡುಗಳಲ್ಲಿ ಕೆಂಪು ಕಡವೆಗಳು ಬೆದೆಗೆ ಬಂದು ಗುಟುರು ಹಾಕುವ ಕಾಲ. ಗಂಡು ಕಡವೆ ಕೂಗುತ್ತದೆ, ಹೆಣ್ಣುಗಳು ಓಡಿಬರುತ್ತವೆ, ಹಿಂದೆಯೇ ಪಟ್ಟಣದ ಬೇಟೆಗಾರರೂ ಬರುತ್ತಾರೆ. ಪ್ರತಿ ವರ್ಷ ಎಲ್ಲೋ ಒಂದು ಗುಂಡು ತಪ್ಪಿ ಮನುಷ್ಯನಿಗೆ ತಗಲುವುದೂ ಉಂಟು. ಹಿಂದಿನ ಸಂಜೆ ಠಾಣೆಗೆ ಫೋನು ಮಾಡಿದವನು ಗುಂಡು ಹೊಡೆದವನೇ. ರೆನಾತೊ ಆನ್ಸಾಲ್ದಿ, ಬಾಹಿಯಾ ಬ್ಲಾಂಕಾ ಊರಿನ ಹಲ್ಲಿನ ಡಾಕ್ಟರು. ಮುಸ್ಸಂಜೆ, ಪೊದೆ ಹಿಂದೆ ಗುಟುರು ಕೇಳಿಸಿತು, ಕಂದು ಬಣ್ಣ ಅಲುಗಿತು, ಅರವತ್ತು ಮೀಟರಿನಿಂದ ಹೊಡೆದೆ, ಹೋಗಿ ನೋಡಿದರೆ ಮನುಷ್ಯ ಎಂದು ಅತ್ತುಕೊಂಡೇ ಹೇಳಿಕೆ ಕೊಟ್ಟಿದ್ದ. ಎಫ್‌ಐಆರ್‌ನಲ್ಲಿ ‘ಆಕಸ್ಮಿಕ’ ಎಂದು ಬರೆದಾಗಿತ್ತು. ಸಂಜೆ ಸರ್ಕಾರಿ ವಕೀಲರ ಸಹಿ ಬಿದ್ದರೆ ಡಾಕ್ಟರು ಬಂದೂಕಿನ ಸಮೇತ ಮನೆಗೆ ಹೊರಡುವವನಿದ್ದ.

ಸತ್ತವನು ಎವಾರಿಸ್ತೊ ಯಾಂಕಾಮಿಲ್. ಒಂದು ಕಾಲದಲ್ಲಿ ಬೇಟೆಗಾರರಿಗೆ ದಾರಿ ತೋರಿಸುತ್ತಿದ್ದವನು, ಈಗ ದೂರದ ಜಾನುವಾರು ಎಸ್ಟೇಟಿನಲ್ಲಿ ಬೇಲಿ, ನೀರಿನ ತೊಟ್ಟಿ ನೋಡಿಕೊಂಡಿದ್ದ. ಹೆಂಡತಿ ವಾರದಿಂದ ಮಗಳ ಮನೆಯಲ್ಲಿದ್ದಳು. ರಾತ್ರಿ ಸುದ್ದಿ ಮುಟ್ಟಿ ಮೊದಲ ಬಸ್ಸಿಗೆ ಬಂದಿದ್ದಳು.

ಇನ್ಸ್‌ಪೆಕ್ಟರ್ ಓಸ್ಕರ್ ಶ್ವಿಂಟ್ ಕುರ್ಚಿ ಎಳೆದುಕೊಟ್ಟ. ಫೆಬ್ರವರಿಯಲ್ಲಷ್ಟೇ ಈ ಠಾಣೆಗೆ ವರ್ಗವಾಗಿ ಬಂದವನು, ಊರಿನ ಮುಖಗಳ ಪರಿಚಯ ಇನ್ನೂ ಇರಲಿಲ್ಲ.

“ಕೂತ್ಕೊಳ್ಳಿ ಅಮ್ಮಾ. ನಿಮ್ಮವರು ಕಡವೆ ಕರೆಯೋಕೆ ಗುಟುರು ಹಾಕ್ತಿದ್ರಂತೆ. ಆತ ಮೋಸಹೋದ.”

“ಯಾರು ಹಾಕ್ತಿದ್ದಿದ್ದು?”

“ನಿಮ್ಮ ಯಜಮಾನರು.”

ಪಕ್ಕದಲ್ಲಿ ನಿಂತಿದ್ದ ಪೇದೆ ಸೋಸಾ ಬಾಯಿ ಹಾಕಿದ. “ಗುಟುರು ಎವಾರಿಸ್ತೊ ಅಲ್ವೇನಮ್ಮಾ! ಅವನ ಗಂಟಲು ಜಿಲ್ಲೆಗೇ ಗೊತ್ತು. ಅವನು ಕೂಗಿದ್ರೆ ನಿಜವಾದ ಕಡವೆಗೇ ನಾಚಿಕೆ ಆಗ್ತಿತ್ತು.”

ಹೆರ್ಮಿಂದಾ ಸೋಸಾನ ಕಡೆ ತಿರುಗಲೂ ಇಲ್ಲ. “ಸಾಹೇಬ್ರೇ, ನನ್ನ ಗಂಡನಿಗೆ ಗಂಟಲೇ ಇರ್ಲಿಲ್ಲ.”

ಅವಳು ತನ್ನ ಕತ್ತಿನ ನಡುವೆ ಬೆರಳಿಟ್ಟು ತೋರಿಸಿದಳು.

“ಕ್ಯಾನ್ಸರ್ ಆಗಿತ್ತು. ಹೋದ ವರ್ಷ ಆಪರೇಷನ್ ಮಾಡಿ ಧ್ವನಿಪೆಟ್ಟಿಗೇನೇ ತೆಗೆದುಹಾಕಿದ್ರು. ಇಲ್ಲಿ ಕತ್ತಲ್ಲಿ ಒಂದು ತೂತು, ಅದರಲ್ಲೇ ಉಸಿರಾಟ. ಕೂಗೋದಿರ್ಲಿ, ಮೊಮ್ಮಗಳ ಹುಟ್ಟುಹಬ್ಬಕ್ಕೆ ಮೇಣದಬತ್ತಿ ಊದೋಕೂ ಆಗ್ಲಿಲ್ಲ ಅವನಿಗೆ. ನಾಯಿ ಕರೀಬೇಕಾದ್ರೆ ಚಪ್ಪಾಳೆ ತಟ್ತಿದ್ದ. ಸಂಜೆ ತಂಪಿಗೆ ಕೆಮ್ಮು ಬರೋದು. ಬಾಯಿ ಅಗಲವಾಗಿ ತೆಗೀತಿದ್ದ, ಮೈಯೆಲ್ಲ ಕುಣೀತಿತ್ತು, ಒಂದು ಚೂರು ಸದ್ದಿಲ್ಲ.”

“ಊರಲ್ಲಿ ಯಾರಿಗೂ ಗೊತ್ತಿಲ್ವಲ್ಲ?” ಎಂದ ಸೋಸಾ ಮೆಲ್ಲಗೆ.

“ನೀನು ಈಗ ಹೊಗಳಿದ್ಯಲ್ಲಪ್ಪ, ಅದಕ್ಕೇ. ಕೈಸನ್ನೆ ಮಾಡಿ ಹೇಳ್ದ, ಯಾರಿಗೂ ಹೇಳ್ಬೇಡ ಅಂತ. ಊರಿಗೆ ಬರೋದೇ ಬಿಟ್ಟ. ಈಗ ನೀವು ಕಾಗದದಲ್ಲಿ ಬರ್ಕೊಂಡಿದ್ದೀರಿ, ಅವನೇ ಕೂಗಿ ಸಾವು ಕರ್ಕೊಂಡ ಅಂತ. ಆ ಸಾಲು ಅಳಿಸಿ ಸಾಹೇಬ್ರೇ. ಅಳಿಸೋವರೆಗೂ ನಾನು ಏಳೋದಿಲ್ಲ.”

ಶ್ವಿಂಟ್ ಎದ್ದು ಟೊಪ್ಪಿ ಹಾಕಿಕೊಂಡ. “ಸೋಸಾ, ಹೋಟೆಲಿಗೆ ಹೋಗು. ಒಂದು ಸಹಿ ಬಾಕಿ ಇದೆ, ಸಂಜೆ ಮುಗಿಯುತ್ತೆ ಅಂತ ಡಾಕ್ಟರಿಗೆ ಹೇಳು. ಈ ವಿಷಯ ಬಾಯಿ ಬಿಟ್ಟೀಯ, ಹುಷಾರ್.”

*

ಬಂದೂಕನ್ನು ಜಫ್ತಿ ಮಾಡಿ ಮಹಜರು ಬರೆದವಳು ಮುಖ್ಯಪೇದೆ ದೆಲಿಯಾ ಗೆತ್ತೆ. ಕಂಡದ್ದನ್ನೆಲ್ಲ ಬರೆಯುವ ಹುಡುಗಿ, ಅದಕ್ಕೇ ಠಾಣೆಯವರು ಅವಳನ್ನು ‘ಲೆಕ್ಕದ ಅತ್ತೆ’ ಎಂದು ಕಾಡಿಸುತ್ತಿದ್ದರು. ಜೀಪಿನಲ್ಲಿ ಅವಳು ಮಹಜರು ಓದಿದಳು.

“ಬಂದೂಕಿನ ಮೇಲಿನ ದುರ್ಬೀನಿನ ಹಿಂದಿನ ಬಳೆ ಇಪ್ಪತ್ತೈದು ಪಟ್ಟಿಗೆ ಇತ್ತು ಸಾರ್. ಪಕ್ಕದ ತಿರುಗಣೆ ಮುನ್ನೂರಕ್ಕೆ. ಮುಸ್ಸಂಜೇಲಿ ಗುರಿ ಹಿಡಿಯೋಕೆ ಇರೋ ಒಳಗಿನ ಕೆಂಪು ದೀಪ ಆರಿಸಿತ್ತು.”

“ಮುನ್ನೂರು ಅಂದ್ರೇನು?”

“ಮೀಟರು. ಅಷ್ಟು ದೂರದ್ದು ಮಸುಕಿಲ್ಲದೆ ಕಾಣೋಕೆ ಅದನ್ನ ತಿರುಗಿಸ್ತಾರಂತೆ.”

ಕೆಮ್ಮಣ್ಣಿನ ಮೇಲೆ ರಕ್ತ ಒಣಗಿದ್ದ ನೀರಿನ ತೊಟ್ಟಿಯ ಬಳಿ ಇಬ್ಬರೂ ನಿಂತರು. ‘ಮಾತೆ’ ಎಂಬ ಎಲೆಕಷಾಯ ಕುಡಿಯುವ ಸೋರೆಬುರುಡೆ ಕೊಳವೆಯ ಸಮೇತ ಇನ್ನೂ ಅಲ್ಲೇ ಉರುಳಿತ್ತು. ಡಾಕ್ಟರು ‘ಇಲ್ಲಿಂದ ಹೊಡೆದೆ’ ಎಂದು ತೋರಿಸಿದ್ದ ಜಾಗ ಹತ್ತಿರದಲ್ಲೇ ಇತ್ತು. ಶ್ವಿಂಟ್ ಆ ಕಡೆ ನೋಡದೆ ದೂರ ಕಣ್ಣು ಹಾಯಿಸಿದ. ಪಡುವಲಿಗೆ, ಪಕ್ಕದ ಎಸ್ಟೇಟಿನ ಬೇಲಿಯಾಚೆ, ಒಂದೇ ಕಾಲ್ದೆನ್ ಮರ ಹೊತ್ತ ಮರಳುದಿಣ್ಣೆ. ಡಾಕ್ಟರಿಗೆ ಬೇಟೆಯ ಪರವಾನಗಿ ಇದ್ದದ್ದು ಆ ಎಸ್ಟೇಟಿನಲ್ಲಿ.

ಮರದ ಬುಡದಲ್ಲಿ ಹುಲ್ಲು ಮಲಗಿತ್ತು. ಒಂದು ಸಲ ಮಲಗಿದ್ದಲ್ಲ. ಮೊಣಕೈ ಊರಿದ ಎರಡು ಗುಳಿ ಬಟ್ಟಲಿನ ಹಾಗೆ ಗಟ್ಟಿಯಾಗಿದ್ದವು. ಖಾಲಿ ತೋಟಾ ಒಂದೇ. ದೆಲಿಯಾ ಇಬ್ಬರು ಕೂಲಿಯವರನ್ನು ಪಂಚರಾಗಿ ನಿಲ್ಲಿಸಿ ಅಳತೆ ಹಿಡಿಸಿದಳು. ತೊಟ್ಟಿಗೆ ಮುನ್ನೂರು ಮೀಟರಿಗೆ ತುಸು ಕಡಿಮೆ.

“ದಿನಾ ಬರ್ತಿದ್ದ ಸಾರ್ ಇವನು. ಹೊಡೆಯೋಕಲ್ಲ, ನೋಡೋಕೆ.”

“ಏನು ನೋಡೋಕೆ?”

ದೆಲಿಯಾ ಮಹಜರಿನ ಹಾಳೆ ತಿರುವಿದಳು. ಡಾಕ್ಟರ ಕಾರಿನಲ್ಲಿ ಸಿಕ್ಕ ದುರ್ಬೀನಿನ ಪೆಟ್ಟಿಗೆಯ ಮೇಲೆ ಸಾಂತಾ ರೋಸಾ ಪಟ್ಟಣದ ಒಂದು ಬಂದೂಕಿನಂಗಡಿಯ ಚೀಟಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಜೀಪು ಅಲ್ಲಿ ನಿಂತಿತು.

*

ಅಂಗಡಿಯ ಬಾರ್ತೊಲೊ ಮಾತಿನ ಮಲ್ಲ. ಕೇಳಿದ್ದಕ್ಕೂ ಹೇಳುತ್ತಾನೆ, ಕೇಳದ್ದಕ್ಕೂ.

“ಮರೀತೀನಾ ಇನ್ಸ್‌ಪೆಕ್ಟ್ರೇ! ಒಂದು ಗಾಜು ಆರಿಸೋಕೆ ಇಡೀ ಮಧ್ಯಾಹ್ನ ತಿಂದ. ನಾನಂದೆ, ಸ್ವಾಮೀ, ನಮ್ಮ ಕಾಡಲ್ಲಿ ನೂರೈವತ್ತು ಮೀಟರಿನಾಚೆ ಕಡವೆ ಕಾಣೋದೇ ಇಲ್ಲ, ಎರಡೂವರೆಯಿಂದ ಹನ್ನೆರಡು ಪಟ್ಟು ಹಿಗ್ಗಿಸೋದು ತಗೊಳ್ಳಿ. ಮುಸ್ಸಂಜೇಲಿ ಬೇಕಾಗಿದ್ದು ಬೆಳಕು. ಪಟ್ಟು ಏರಿಸಿದಷ್ಟೂ ಬೆಳಕು ಸಾಯುತ್ತೆ. ಅರವತ್ತು ಮೀಟರಿಗೆ ಇಪ್ಪತ್ತೈದು ಇಟ್ರೆ ಕಡವೆ ಎಲ್ಲಿ, ಬರೀ ಕೂದಲು! ತೊಡೆಯೋ ಕತ್ತೋ ಅಂತ ಹುಡುಕೋಷ್ಟರಲ್ಲಿ ಅದು ಸಂಸಾರ ಹೂಡಿರುತ್ತೆ.”

“ಅದಕ್ಕೆ?”

“ಕಿವಿಗೇ ಹಾಕ್ಕೊಳ್ಲಿಲ್ಲ. ಐದರಿಂದ ಇಪ್ಪತ್ತೈದರದ್ದೇ ಬೇಕು. ಅದೂ ಆಸ್ಟ್ರಿಯಾದ್ದು, ನನ್ನಂಗಡೀಲಿ ಅದಕ್ಕಿಂತ ದುಬಾರಿ ಇಲ್ಲ. ಮೂರು ದುರ್ಬೀನು ಬಾಗಿಲಿಗೆ ಒಯ್ದು ಪರೀಕ್ಷೆ ಮಾಡ್ದ. ಬೇರೆಯವರು ಬೋರ್ಡು ಓದಿ ನೋಡ್ತಾರೆ, ಚರ್ಚಿನ ಗಡಿಯಾರ ನೋಡ್ತಾರೆ. ಇವನು ಬೀದಿ ಕೊನೆಯ ಬಸ್‌ಸ್ಟಾಪಿನಲ್ಲಿ ನಿಂತ ಜನರ ಮುಖ ನೋಡ್ದ. ಒಂದು ಗಾಜು ವಾಪಸ್ ಕೊಟ್ಟ. ಯಾಕೆ ಸ್ವಾಮೀ ಅಂದ್ರೆ, ‘ಇದರಲ್ಲಿ ನಗೋದು ಕಾಣುತ್ತೆ, ಹಲ್ಲು ಎಣಿಸೋಕಾಗಲ್ಲ’ ಅಂದ. ಹಲ್ಲಿನ ಡಾಕ್ಟ್ರು ತಾನೇ, ಕಸುಬಿನ ಚಟ ಅಂದ್ಕೊಂಡೆ.”

“ಮೊದಲೇ ಪರಿಚಯವಿತ್ತಾ?”

ಬಾರ್ತೊಲೊ ಮೀಸೆಯೊಳಗೇ ನಕ್ಕ. “ಕಡವೆಮ್ಮ ಯಾರಿಗೆ ಗೊತ್ತಿಲ್ಲ?”

“ಏನಮ್ಮ?”

“ಅಯ್ಯೋ, ಅವನ ಹೆಸರೇ ಅದು! ಹಳೇ ಕತೆ. ಹೊಸದಾಗಿ ಮದುವೆಯಾಗಿ ಮಾವನ ಜೊತೆ ಬೇಟೆಗೆ ಬಂದಿದ್ದ. ಗುಟುರು ಎವಾರಿಸ್ತೊ ಪೊದೆ ಹಿಂದೆ ಕೂತು ಕೂಗ್ದ. ಈ ಮಹರಾಯ ಮುಳ್ಳಲ್ಲಿ ಹೊಟ್ಟೆ ಎಳ್ಕೊಂಡು ಎಷ್ಟೋ ಹೊತ್ತು ತೆವಳ್ದ. ಹತ್ತಿರ ಬಂದು ಪೊದೆ ಸರಿಸಿದ್ರೆ ಎದುರಿಗೆ ಎವಾರಿಸ್ತೊ! ಹೊಟ್ಟೆ ಹಿಡ್ಕೊಂಡು ನಗ್ತಾ, ‘ಬಂದ್ಯಾ ಕಡವೆಮ್ಮ? ಗಂಡಿನ ಕೂಗಿಗೆ ಓಡೋಡಿ ಬಂದ್ಯಾ?’ ಅಂದ. ಮಾವನೂ ನಕ್ಕ, ಪರಿವಾರವೂ ನಕ್ಕಿತು. ಆ ಹೆಸರು ಅವನಿಗಿಂತ ಮುಂಚೆ ಊರು ಸೇರಿತ್ತು.” ತಟಕ್ಕನೆ ಅವನ ನಗು ನಿಂತಿತು. “ಯಾಕೆ ಇನ್ಸ್‌ಪೆಕ್ಟ್ರೇ? ಏನಾಯ್ತು?”

*

ಸಂಜೆ ಐದಕ್ಕೆ ಆನ್ಸಾಲ್ದಿಯನ್ನು ಠಾಣೆಯ ಒಳಕೋಣೆಗೆ ಕರೆಸಿದರು. ನೀಟಾಗಿ ಕ್ಷೌರ ಮಾಡಿಕೊಂಡಿದ್ದ, ಕೈಯಲ್ಲಿ ಪ್ರಯಾಣದ ಚೀಲವಿತ್ತು.

“ಎಷ್ಟು ದೂರದಿಂದ ಹೊಡೆದ್ರಿ?”

“ಅರವತ್ತು ಮೀಟರ್. ಹೇಳಿದ್ನಲ್ಲ.”

“ದುರ್ಬೀನು ಇಪ್ಪತ್ತೈದರಲ್ಲಿತ್ತು.”

“ಆಮೇಲೆ ಗಾಬರೀಲಿ ತಿರುಗಿರ್ಬೇಕು.”

“ದಿಣ್ಣೆ ಮೇಲೆ ನಿಮ್ಮ ತೋಟಾ ಸಿಕ್ತು.”

“ಹಿಂದಿನ ದಿನ ಕಾಡುಹಂದಿಗೆ ಹೊಡೆದಿದ್ದೆ.”

ಎಲ್ಲದಕ್ಕೂ ಉತ್ತರ ಬಾಯಲ್ಲೇ ಇತ್ತು. ಶ್ವಿಂಟ್ ತಲೆಯಾಡಿಸಿ ಹಾಳೆ ಮುಂದೆ ತಳ್ಳಿದ.

“ಗುಟುರು ಹೇಗಿತ್ತು? ಅದೊಂದು ಸರಿಯಾಗಿ ಬರೆದಿಲ್ಲ.”

“ಎರಡು ಉದ್ದ, ಕೊನೆಗೆ ಗೊರಕೆ ಹಾಗೆ ಒಂದು ತುಂಡು. ಅದ್ಭುತ ಇನ್ಸ್‌ಪೆಕ್ಟ್ರೇ. ಯಾರಾದ್ರೂ ಮೋಸಹೋಗ್ಬೇಕು. ಮಹಾ ಕಲಾವಿದ, ಪಾಪ.”

“ಖಚಿತವಾಗಿ ಕೇಳಿದ್ರಾ?”

“ಈ ಕಿವಿಯಾರೆ.”

“ಸಹಿ ಮಾಡಿ.”

ಮಾಡಿದ. ಶ್ವಿಂಟ್ ಡ್ರಾಯರ್ ಎಳೆದು ಅಂಗೈಯಗಲದ ಹೆಣೆದ ನೂಲಿನ ಬಟ್ಟೆಯೊಂದನ್ನು ಮೇಜಿನ ಮೇಲಿಟ್ಟ. ಎರಡು ಮೂಲೆಗೆ ಕಟ್ಟುವ ದಾರ, ನಡುವೆ ಕಂದು ಕಲೆ.

“ಇದು ಅವನ ಕತ್ತಲ್ಲಿತ್ತು. ನೋಡಿದ್ದೀರಾ?”

“ಶಾಲು... ಚಳಿಗೆ ಏನೋ...”

“ಉಸಿರಾಡೋ ತೂತಿನ ಮೇಲೆ ಕಟ್ಟೋ ಬಟ್ಟೆ. ಹೆಂಡತಿ ಹೆಣೆದದ್ದು. ವರ್ಷದಿಂದ ಅವನಿಗೆ ಧ್ವನಿಯೇ ಇರ್ಲಿಲ್ಲ ಡಾಕ್ಟ್ರೇ. ಮರಣೋತ್ತರ ವರದಿಯಲ್ಲೂ ಬಂದಿದೆ.”

ಆನ್ಸಾಲ್ದಿ ಬಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ದೆಲಿಯಾ ಪೆನ್ನು ಹಿಡಿದಳು. ಅವನ ಬಾಯಿಂದ ಬಂದದ್ದು ಅವರಿಬ್ಬರೂ ನಿರೀಕ್ಷಿಸದ ಮಾತು.

“ಸುಳ್ಳು. ಅವನು ನಗ್ತಿದ್ದ.”

“ಏನು?”

“ದಿನಾ ಸಂಜೆ ನಗ್ತಿದ್ದ! ಒಬ್ಬನೇ ಕೂತು, ಬಾಯಿ ಇಷ್ಟಗಲ ತೆಗೆದು, ಭುಜ ಕುಣಿಸ್ಕೊಂಡು. ಹಲ್ಲು ಎಲ್ಲಾ ಕಾಣ್ತಿತ್ತು, ಮೇಲಿನ ಸಾಲಲ್ಲಿ ಎರಡಿಲ್ಲ. ನನ್ನನ್ನ ನೆನೆಸ್ಕೊಂಡು ನಗ್ತಿದ್ದಾನೆ ಅಂತ ಗೊತ್ತಾಯ್ತು ನನಗೆ. ನಿನ್ನೆ ನಗೋವರೆಗೂ ಕಾದೆ. ನಗ್ತಿರೋವಾಗ್ಲೇ...”

“ಅದು ಕೆಮ್ಮು” ಎಂದಳು ದೆಲಿಯಾ.

ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ಐದೂ ಮುಕ್ಕಾಲಿಗೆ ಕೊಲೆ ಆರೋಪದ ಮೇಲೆ ಬಂಧನವಾಯಿತು. ಕಾರಣದ ಅಂಕಣ ತುಂಬಲು ಶ್ವಿಂಟ್ ಕೇಳುತ್ತ ಹೋದ, ಅವನು ಹೇಳುತ್ತ ಹೋದ. ಕ್ಲಬ್ಬಿನಲ್ಲಿ ಕಡವೆಮ್ಮ. ಚಿಕಿತ್ಸೆಯ ಕುರ್ಚಿಯಲ್ಲಿ ಬಾಯಿ ತೆಗೆದು ಮಲಗಿದ ರೋಗಿಯ ಕಣ್ಣಲ್ಲೂ ಕಡವೆಮ್ಮ. ಕಳೆದ ಬೇಸಿಗೆಯಲ್ಲಿ ಮಗಳ ಮದುವೆ, ಬೀಗರ ಕಡೆಯವನೊಬ್ಬ ಕುಡಿದು ಚರ್ಚಿನ ಬಾಗಿಲಲ್ಲಿ ಗುಟುರು ಹಾಕಿದ. ಬಿಳಿ ಉಡುಪಿನಲ್ಲಿದ್ದ ಮಗಳೂ ನಕ್ಕುಬಿಟ್ಟಳು. ದುರ್ಬೀನು ಕೊಂಡದ್ದು ಅದೇ ವಾರ.

ಹೊರಕೋಣೆಯಲ್ಲಿ ಹೆರ್ಮಿಂದಾ ಬೆಳಗಿನಿಂದ ಕೂತ ಜಾಗ ಬಿಟ್ಟು ಎದ್ದಿರಲಿಲ್ಲ. ಶ್ವಿಂಟ್ ನಡೆದದ್ದನ್ನೆಲ್ಲ ಹೇಳಿ, ಅವಳ ಎದುರಿಗೇ ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದ.

“ನಿಮ್ಮವರು ಈತನ ಹೆಸರು ಯಾವತ್ತಾದ್ರೂ ಹೇಳಿದ್ರಾ ಅಮ್ಮಾ?”

ಅವಳು ಯೋಚಿಸಿದಳು. “ಪಟ್ಟಣದವರು ಯಾರೇ ಹೊಸಬರು ಬಂದ್ರೂ ಅವನು ಇದೇ ಆಟ ಕಟ್ತಿದ್ದ. ರಾತ್ರಿ ಊಟಕ್ಕೆ ಕೂರೋಷ್ಟರಲ್ಲಿ ಮರ್ತುಬಿಡ್ತಿದ್ದ. ಈ ಡಾಕ್ಟ್ರು ಹತ್ತಿರ ಹೋಗಿ ಒಂದು ಮಾತು ಕೇಳಿದ್ದಿದ್ರೆ ಎದೆ ಮೇಲೆ ಕೈಯಿಟ್ಟು ಕ್ಷಮೆ ಕೇಳಿರೋನು. ಅಷ್ಟು ಮಾತ್ರ ಅವನಿಗೆ ಇನ್ನೂ ಆಗ್ತಿತ್ತು.”

ಆ ಗಾಜು ಮುನ್ನೂರು ಮೀಟರಿನ ಮುಖವನ್ನು ಇಪ್ಪತ್ತೈದು ಪಟ್ಟು ಹತ್ತಿರ ತಂದಿತ್ತು. ಕಿವಿಗೆ ಹಾಗೊಂದು ಗಾಜು ಇಲ್ಲ.

ಕೈದಿಯನ್ನು ಜಿಲ್ಲಾ ಜೈಲಿಗೆ ಒಯ್ಯುವಾಗ ಇನ್ನೂ ಸ್ವಲ್ಪ ಬೆಳಕಿತ್ತು. ಸೋಸಾ ವ್ಯಾನು ಓಡಿಸುತ್ತಿದ್ದ. ಹೊರಡುವ ಮೊದಲು ಜೈಲಿನ ಗೆಳೆಯನಿಗೆ ಫೋನು ಹಚ್ಚಿ ಯಾರನ್ನು ಕರೆತರುತ್ತಿದ್ದೇನೆಂದು ಪೂರಾ ಕತೆ ಹೇಳಿದ್ದನೆಂಬುದು ಶ್ವಿಂಟ್‌ಗೆ ಗೊತ್ತಾದದ್ದು ಅಲ್ಲಿ ಮುಟ್ಟಿದ ಮೇಲೆ.

ಗೇಟು ತೆರೆಯಿತು. ಆನ್ಸಾಲ್ದಿ ಕೋಳ ತೊಟ್ಟ ಕೈಯಲ್ಲಿ ಚೀಲ ಹಿಡಿದು ಅಂಗಳಕ್ಕೆ ಕಾಲಿಟ್ಟ. ಮೇಲಿನ ಸಾಲಿನ ಯಾವುದೋ ಕೋಣೆಯಿಂದ ಎರಡು ಉದ್ದ, ಒಂದು ತುಂಡು ಗುಟುರು ಬಂತು. ಇನ್ನೊಂದು ಕೋಣೆ ಉತ್ತರ ಕೊಟ್ಟಿತು. ಆಮೇಲೆ ಇಡೀ ಜೈಲು ಬೆದೆಗೆ ಬಂದ ಕಾಡಿನ ಹಾಗೆ ಕೂಗತೊಡಗಿತು.