ಕಾಫಿ ಕುಡಿಯದೆ ಎದ್ದುಹೋದವನು

ಟೆಂಟಿನ ಕೊನೆಯ ಗೂಟ ಹೊಡೆದು ಉಷಾರಾಣಿ ತಲೆ ಎತ್ತಿದರೆ, ಇನ್ನು ಈ ಜನ್ಮದಲ್ಲಿ ಮುಖ ನೋಡಬಾರದು ಅಂತ ಅವಳು ತೀರ್ಮಾನಿಸಿದ್ದ ಗಂಡಸೇ ಎದುರಿಗೆ ನಿಂತಿದ್ದ. ಬೆನ್ನಿಗೆ ದೊಡ್ಡ ಬ್ಯಾಗು. ಬ್ಯಾಗಿನ ಪಕ್ಕಕ್ಕೆ ನೇತುಹಾಕಿದ್ದ ಪುಟ್ಟ ಸ್ಟೀಲ್ ಕಾಫಿ ಫಿಲ್ಟರು. ಅದನ್ನು ನೋಡಿದ್ದೇ ಅವಳಿಗೆ ಮೈಯೆಲ್ಲ ಉರಿಯಿತು.

"ನಮಸ್ಕಾರ್ರಿ ಮೇಡಂ. ನಾನು ಓಬಳೇಶ್, ಹಿರಿಯೂರಿಂದ."

"ಗೊತ್ತೈತೆ. ನಿಮ್ಮದು ಆ ಕಡೇ ಟೆಂಟು. ಶೂ ಹೊರಗೇ ಬಿಡ್ರಿ."

ಉಷಾರಾಣಿ ಹೊಸದುರ್ಗದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ವಾರದ ಕೊನೆಗೆ ಚಿತ್ರದುರ್ಗದ ಟ್ರೆಕ್ಕಿಂಗ್ ತಂಡಕ್ಕೆ ಲೀಡರ್. ಚಂದ್ರವಳ್ಳಿಯ ಗುಹೆಯೊಳಗೆ ಟಾರ್ಚ್ ಕೈಕೊಟ್ಟರೂ ದಾರಿ ತಪ್ಪದ ಹೆಣ್ಣು. ಈ ಸಲ ಮಾರಿಕಣಿವೆ ಹಿನ್ನೀರಿನ ದಡದಲ್ಲಿ, ದಾಸಣ್ಣ ಎಂಬ ರೈತನ ಹೊಲದಲ್ಲಿ ಒಂದು ರಾತ್ರಿಯ ಕ್ಯಾಂಪು. ಬರುವವರ ಪೈಕಿ ಓಬಳೇಶ್ ಅಂತ ಒಬ್ಬ ಇದ್ದಾನೆಂದು ಅವಳಿಗೆ ತಿಳಿದಿತ್ತು. ಈ ಸೀಮೆಯಲ್ಲಿ ಓಬಳೇಶರಿಗೇನು ಬರವೇ ಅಂತ ಸುಮ್ಮನಾಗಿದ್ದಳು.

ಯುಗಾದಿ ಕಳೆದ ಮೇಲೆ ಈ ಓಬಳೇಶ್ ಬಾಗೂರಿನ ಅವಳ ಮನೆಗೆ ಹೆಣ್ಣು ನೋಡಲು ಬಂದಿದ್ದ. ಗಾಳಿಯಂತ್ರದ ಕಂಪನಿಯಲ್ಲಿ ಇಂಜಿನಿಯರ್. ಅದುವರೆಗೆ ಬಂದ ಗಂಡುಗಳೆಲ್ಲ "ಅಡುಗೆ ಬರ್ತೈತಾ?" ಅಂತ ಕೇಳಿದ್ದರು. ಇವನು ಮಾತ್ರ, "ಬೆಟ್ಟ ಇಳಿಯೋವಾಗ ಮಂಡಿ ನೋಯಲ್ವೇನ್ರಿ?" ಅಂದ. ಅವಳು ನಕ್ಕುಬಿಟ್ಟಳು. ಅಡುಗೆಮನೆಗೆ ಬಂದು ಅವ್ವನ ಕಿವಿಯಲ್ಲಿ "ನಂಗೆ ಒಪ್ಪಿಗೆ" ಅಂತಲೂ ಹೇಳಿದಳು. ಯಾರೂ ಕೇಳುವ ಮೊದಲೇ ಹಾಗೆ ಹೇಳಿದ್ದು ಅದೇ ಮೊದಲು.

ಅವರು ಹೊರಟ ಮೇಲೆ ಲೋಟ ಎತ್ತಲು ಹೋದಳು. ಅವನ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು. ಮೇಲೆ ಕೆನೆ ಕಟ್ಟಿತ್ತು.

ಬಾಗೂರಿನ ಅವರ ಕೇರಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೆಣ್ಣು ಒಪ್ಪಿಗೆಯಾಗದಿದ್ದರೆ ಬಾಯಿಬಿಟ್ಟು ಹೇಳಿ ಯಾರ ಮನಸ್ಸನ್ನೂ ನೋಯಿಸಬಾರದು, ಕಾಫಿ ಮುಟ್ಟದೆ ಎದ್ದರೆ ಮುಗಿಯಿತು. ಅಪ್ಪ ಮೂರ್ತಪ್ಪ ಲೋಟ ನೋಡಿ, "ಆತು ಬಿಡವ್ವ" ಅಂದು ಎಮ್ಮೆ ಕಟ್ಟಲು ಹೋದರು. ಅವ್ವ ಏಕಾಂತಮ್ಮ ಕಾಫಿಯನ್ನು ಬಚ್ಚಲಿಗೆ ಸುರಿದರು. ಉಷಾರಾಣಿ ಅಳಲಿಲ್ಲ. ಶೂ ಕಟ್ಟಿಕೊಂಡು ಕತ್ತಲಾಗುವವರೆಗೆ ಕೆರೆ ಏರಿಯ ಮೇಲೆ ಓಡಿದಳು. ಒಪ್ಪಿಗೆ ಅಂತ ಮೊದಲು ಬಾಯಿಬಿಟ್ಟವಳು ತಾನು ಅನ್ನುವುದು ಅವಳಿಗೆ ಇನ್ನೂ ಚುಚ್ಚುತ್ತಿತ್ತು.

ಈಗ ಹೊಳಲ್ಕೆರೆಯಿಂದ ಒಂದು ಗಂಡು ಬರುವ ಮಾತಿತ್ತು. ಬ್ಯಾಂಕಿನ ಕೆಲಸ, ಒಳ್ಳೆಯ ಮನೆತನ. "ನಾಳೆ ಬೆಳಿಗ್ಗೆ ಫೋನ್ ಮಾಡಿ ಹೂಂ ಅಂತೀಯೋ ಊಹೂಂ ಅಂತೀಯೋ ಹೇಳವ್ವ" ಅಂದಿದ್ದರು ಅಪ್ಪ. ಹೂಂ ಅನ್ನುವುದೇ ಸರಿ ಅಂತ ಗಟ್ಟಿ ಮಾಡಿಕೊಂಡೇ ಅವಳು ಕ್ಯಾಂಪಿಗೆ ಬಂದಿದ್ದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ ಅಂದುಕೊಂಡು ಹೊರಗೆ ಬಂದರೆ ಓಬಳೇಶ್ ಆಗಲೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅಂಗೈಯಗಲದ ಗ್ಯಾಸ್ ಒಲೆ. ಹಚ್ಚುತ್ತಿದ್ದ, ಗಾಳಿ ಆರಿಸುತ್ತಿತ್ತು. ಮತ್ತೆ ಹಚ್ಚುತ್ತಿದ್ದ. ಮಾತಾಡಿಸಬಾರದು ಅಂತಿದ್ದವಳಿಗೆ ತಡೆಯಲಾಗಲಿಲ್ಲ.

"ಗಾಳಿಯಂತ್ರ ರಿಪೇರಿ ಮಾಡೋರಿಗೆ ಗಾಳಿ ಯಾವ ಕಡೆಯಿಂದ ಬೀಸ್ತೈತೆ ಅಂತ ಗೊತ್ತಾಗಲ್ವೇನ್ರಿ?"

"ಮೇಲೆ ಹತ್ತಿದ್ರೆ ಗೊತ್ತಾಗ್ತೈತೆ ಮೇಡಂ. ನೆಲದ ಮ್ಯಾಲೆ ಸ್ವಲ್ಪ ಕಷ್ಟ."

ನಗು ಬಂತು. ನುಂಗಿಕೊಂಡಳು. ಒಲೆಯನ್ನು ಎತ್ತಿ ದೊಡ್ಡ ಬಂಡೆಯ ಮರೆಗಿಟ್ಟು, ಸುತ್ತ ಕಲ್ಲು ಜೋಡಿಸಿ, ಉಸಿರಾಡಲು ಒಂದು ಸಂದು ಬಿಟ್ಟಳು. ಉರಿ ನೆಟ್ಟಗೆ ನಿಂತಿತು. ಅವನು ಮೆಚ್ಚಿಕೊಂಡು ನೋಡಿದ್ದು ಒಲೆಯನ್ನಲ್ಲ ಅಂತ ಗೊತ್ತಾದರೂ ಗೊತ್ತಾಗದವಳ ಹಾಗೆ ಅಲ್ಲೇ ಕೂತಳು.

ಅವನು ಕೈಗಿರಣಿಯನ್ನು ಮಂಡಿಗಳ ನಡುವೆ ಹಿಡಿದು ಕಾಫಿ ಬೀಜ ಅರೆದ. ತಣ್ಣನೆ ಗಾಳಿಯಲ್ಲಿ ಘಮ ಎದ್ದಿತು. ನೀರು ಮರಳಿದ ಮೇಲೆ ಪಾತ್ರೆ ಇಳಿಸಿ ಸುಮ್ಮನೆ ಕೂತ.

"ಯಾಕೆ, ನೀರಿಗೆ ಸುಸ್ತಾಗೈತಾ?"

"ಮರಳೋ ನೀರು ಹಂಗೇ ಹುಯ್ದ್ರೆ ಪುಡಿ ಸುಟ್ಟು ಕಹಿಯಾಗ್ತೈತೆ. ಒಂಚೂರು ಸಮಾಧಾನ ಆಗ್ಲಿ."

ಮೊದಲು ಪುಡಿ ನೆನೆಯುವಷ್ಟೇ ನೀರು ಹಾಕಿ ಕಾದ. ಪುಡಿ ಉಬ್ಬಿ ಬಂದಾಗ ಉಳಿದದ್ದನ್ನು ಸುತ್ತಲೂ ನಿಧಾನಕ್ಕೆ ಹುಯ್ದು ಮುಚ್ಚಿದ. ಆಮೇಲೆ ತನ್ನ ತಲೆಯ ಮೇಲಿದ್ದ ಉಲ್ಲನ್ ಟೋಪಿ ತೆಗೆದು ಫಿಲ್ಟರಿಗೆ ತೊಡಿಸಿದ.

"ಈ ಗಾಳೀಲಿ ಸ್ಟೀಲು ಬೇಗ ತಣ್ಣಗಾಗ್ತೈತೆ. ತಣ್ಣಗಾದ್ರೆ ಡಿಕಾಕ್ಷನ್ ಸರಿಯಾಗಿ ಇಳಿಯಲ್ಲ."

ಟೋಪಿಯಿಲ್ಲದೆ ಅವನ ಕೂದಲು ದಿಕ್ಕಾಪಾಲಾಗಿ ಹಾರುತ್ತಿತ್ತು, ಕಿವಿ ಕೆಂಪಾಗಿತ್ತು. ಈ ಸಲ ಅವಳ ನಗು ಅವಳ ಮಾತು ಕೇಳಲಿಲ್ಲ.

ದಾಸಣ್ಣ ಕೊಟ್ಟಿದ್ದ ಎಮ್ಮೆ ಹಾಲು ಕಾಯಿಸಿ, ಮೂರು ಲೋಟ ಕಾಫಿ ಬೆರೆಸಿದ. ಮೊದಲನೆಯದು ಅವಳಿಗೆ. ಒಂದು ಗುಟುಕು ಕುಡಿದಳು. ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಇಂಥ ಕಾಫಿ ಮಾಡುವವನು ಅಂಥ ಕೆಲಸ ಮಾಡಬಾರದಿತ್ತು.

ಎರಡನೆಯ ಲೋಟವನ್ನು ಗೆಳತಿ ಕೀರ್ತನಾ ಕಣ್ಣುಜ್ಜುತ್ತಲೇ ಬಂದು ಎತ್ತಿಕೊಂಡಳು. "ಆಹಾ, ಇಂಥೋರನ್ನ ಪ್ರತಿ ಕ್ಯಾಂಪಿಗೂ ಕರ್ಕಂಡು ಬರಾಣ ಕಣೇ" ಎಂದು ಇಬ್ಬರನ್ನೂ ಒಂದೊಂದು ಸಲ ನೋಡಿ, ನೀರಿನ ಕಡೆ ಹೋದಳು.

ಮೂರನೆಯದನ್ನು ಓಬಳೇಶ್ ಕಲ್ಲಿನ ಮೇಲಿಟ್ಟುಕೊಂಡ. ಇಟ್ಟವನು ಮುಟ್ಟಲೇ ಇಲ್ಲ. ಫಿಲ್ಟರು ತೊಳೆದ. ಒಲೆ ಮಡಿಸಿದ. ಟೋಪಿ ಹಾಕಿಕೊಂಡ. ಲೋಟದ ಹಬೆ ಕಡಿಮೆಯಾಗುತ್ತ ಬಂತು, ಮೇಲೆ ತೆಳ್ಳಗೆ ಕೆನೆ ಕಟ್ಟಿತು. ಉಷಾರಾಣಿ ಆ ಕೆನೆಯನ್ನೇ ನೋಡುತ್ತಿದ್ದಳು.

"ನಿಮ್ಮದು ಆರೋಗ್ತೈತೆ."

"ಆರ್ಲಿ ಬಿಡ್ರಿ. ಸುಡೋ ಕಾಫೀಲಿ ನಾಲಿಗೆಗೆ ಬಿಸಿ ಬಿಟ್ಟು ಬೇರೇನೂ ತಿಳಿಯಲ್ಲ. ಉಗುರು ಬೆಚ್ಚಗಾದ ಮ್ಯಾಲೇನೇ ಅದರ ರುಚಿ ಗೊತ್ತಾಗೋದು. ಮನೇಲೂ ದಿನಾ ಬೈತಾರೆ."

"ಎಲ್ಲಿ ಹೋದ್ರೂ ಹಿಂಗೇನಾ?"

"ಎಲ್ಲಿ ಹೋದ್ರೂ."

ಅವಳು ಲೋಟದಿಂದ ಕಣ್ಣು ಕಿತ್ತು ಅವನನ್ನು ನೋಡಿದಳು. "ಬಾಗೂರಲ್ಲೂ?"

ಲೋಟಕ್ಕೆ ಚಾಚಿದ್ದ ಅವನ ಕೈ ಹಾಗೇ ನಿಂತಿತು. "ಬಾಗೂರಲ್ಲಿ ಕುಡಿಯಕ್ಕೆ ಎಲ್ಲಿ ಬಿಟ್ರು? ಕೈಲಿ ಎತ್ಕಂಡಿದ್ದೆ. ಅಷ್ಟ್ರಲ್ಲಿ ನಮ್ಮ ದೊಡ್ಡಪ್ಪ ರಾಹುಕಾಲ ಬರ್ತೈತೆ ಏಳು ಅಂತ ರಟ್ಟೆ ಹಿಡಿದು ಎಬ್ಬಿಸಿದ್ರು. ಯಾಕ್ರಿ?"

"ನಮ್ಮ ಕೇರೀಲಿ ಗಂಡು ಕಾಫಿ ಬಿಟ್ಟು ಎದ್ರೆ ಹೆಣ್ಣು ಒಪ್ಪಿಗೆ ಇಲ್ಲ ಅಂತ ಅರ್ಥ ಕಣ್ರಿ!"

ಓಬಳೇಶ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ನಾನು ನಿಮ್ಮಪ್ಪ ಇವತ್ತು ಫೋನ್ ಮಾಡ್ತಾರೆ, ನಾಳೆ ಮಾಡ್ತಾರೆ ಅಂತ ಕಾದೆ. ನಮ್ಮಲ್ಲಿ ಹೆಣ್ಣಿನ ಕಡೆಯೋರು ಸುಮ್ನಾದ್ರೆ ಒಲ್ಲೆ ಅಂತ ಅರ್ಥ, ಮತ್ತೆ ಕೇಳಿ ಮರ್ಯಾದೆ ಕಳ್ಕಬ್ಯಾಡ ಅಂದ್ರು ದೊಡ್ಡಪ್ಪ."

"ಮತ್ಯಾಕೆ ಬಂದ್ರಿ ಇಲ್ಲಿಗೆ?"

"ಕೇಳಾಣ ಅಂತ." ಈಗ ಅವನು ನೇರ ಅವಳ ಕಣ್ಣನ್ನೇ ನೋಡಿದ. "ಒಲ್ಲೆ ಅನ್ನೋದಾದ್ರೂ ನಿಮ್ಮ ಬಾಯಿಂದಾನೇ ಕೇಳಾಣ ಅಂತ. ಒಳ್ಳೆ ಕಾಫಿ ಕುಡಿಸಿ ಕೇಳಿದ್ರೆ ಒಂಚೂರು ಮೆತ್ತಗೆ ಬೈತೀರೇನೋ ಅಂತ ಇಷ್ಟೆಲ್ಲ ಹೊತ್ಕಂಡು ಬಂದೆ. ನಾನಂತೂ ಅವತ್ತು ನೀವು ನಕ್ಕಾಗ್ಲೇ ಒಪ್ಪಿದ್ದೆ. ಈಗ್ಲೂ ಅಷ್ಟೇ."

ಇಷ್ಟು ತಿಂಗಳು ಎದೆಯೊಳಗೆ ಗಂಟು ಹಾಕಿಕೊಂಡು ತಿರುಗಿದ್ದು ಒಂದೇ ಸಲಕ್ಕೆ ಸಡಿಲವಾಯಿತು. ಅಳು ಬರುತ್ತದೇನೋ ಅಂದುಕೊಂಡಳು. ಬಂದದ್ದು ಸಂತೋಷ, ಶುದ್ಧ ಸಂತೋಷ. ಈ ದಿಕ್ಕೆಟ್ಟ ಕೂದಲಿನ, ಕೆಂಪು ಕಿವಿಯ ಮನುಷ್ಯ ಅವಳಿಗೆ ಬೇಕಾಗಿತ್ತು. ಅವತ್ತೂ ಬೇಕಾಗಿತ್ತು.

ಅವಳು ಎದ್ದು ಬಂಡೆ ಹತ್ತಿದಳು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅವನು ಗಾಬರಿಯಾಗಿ ಕೆಳಗೆ ನಿಂತ.

"ಅಪ್ಪ, ಹೊಳಲ್ಕೆರೆಯೋರಿಗೆ ಬರೋದು ಬ್ಯಾಡ ಅನ್ನು."

"ಯಾಕವ್ವ?"

"ನಾನು ಗಂಡು ನೋಡ್ದೆ."

ಆ ಕಡೆ ಎಮ್ಮೆ ಕೂಗಿದ್ದಷ್ಟೇ ಕೇಳಿಸಿತು. "ಯಾರ್‍ಯಾರು ಹೋಗಿದ್ರಿ ನೋಡಕ್ಕೆ?"

"ನಾನೊಬ್ಬಳೇ. ಹಿರಿಯೂರಿನ ಓಬಳೇಶ್. ನಂಗೆ ಒಪ್ಪಿಗೆ ಐತೆ ಅಪ್ಪ."

ಕೆಳಗೆ ನಿಂತವನ ಮುಖ ನೋಡುವ ಹಾಗಿತ್ತು. ಅವಳು ಅದನ್ನು ಕಣ್ತುಂಬ ನೋಡಿದಳು.

ಮೂರ್ತಪ್ಪ ಮೆಲ್ಲಗೆ, ಮಗಳಿಗೆ ಎಲ್ಲಿ ಮತ್ತೆ ನೋವಾಗುತ್ತದೋ ಅನ್ನುವ ದನಿಯಲ್ಲಿ ಕೇಳಿದರು: "ಆತ ಒಪ್ಪಿದಾನೇನವ್ವ?"

ಉಷಾರಾಣಿ ಬಂಡೆಯ ಮೇಲಿಂದ ಕೈ ಚಾಚಿ ಅವನನ್ನು ಎಳೆದುಕೊಂಡಳು. ಮೇಲೆ ಬಂದರೂ ಕೈ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಫೋನನ್ನು ಅವನ ಕಿವಿಗೆ ಹಿಡಿದಳು.

ಅವನು ಗಂಟಲು ಸರಿಮಾಡಿಕೊಂಡ. "ನಮಸ್ಕಾರ ಮಾವ" ಎಂದ.

ಅಪ್ಪ ಏನು ಹೇಳಿದರೋ ಅವಳಿಗೆ ಕೇಳಿಸಲಿಲ್ಲ. ಓಬಳೇಶ್ ಪ್ರೇಯರ್‌ಗೆ ನಿಂತ ಹುಡುಗನ ಹಾಗೆ ನೆಟ್ಟಗೆ ನಿಂತು "ಹೂಂ ಮಾವ, ಹೂಂ ಮಾವ" ಅನ್ನುತ್ತಿದ್ದ. ಕೊನೆಗೆ ಅವಳ ಕಡೆ ತಿರುಗಿ ಪಿಸುಗುಟ್ಟಿದ.

"ಯಾವತ್ತು ಬರ್ತೀರಿ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

"ಇವತ್ತೇ ಅನ್ರಿ. ಟೆಂಟ್ ಬಿಚ್ಚಿ ಹೊರಡಾಣ. ನನ್ನ ಗಾಡೀಲಿ ಹಿಂದೆ ಕುಂತ್ಕಳ್ರಿ" ಎಂದಳು ಉಷಾರಾಣಿ.