ಬುದ್ಧಿಹಲ್ಲಿನ ಬರಿಗುಳಿ

ಬೆಳಗಿನಿಂದ ಹನ್ನೊಂದು ಬಾಯಿ ನೋಡಿ ಸೋತುಹೋಗಿದ್ದ ದಂತವೈದ್ಯ, ಹನ್ನೆರಡನೆಯದನ್ನು ನೋಡಿ ಉಸ್ಸಪ್ಪಾ ಎಂದು ಕುಸಿದು ಕೂತ. ಅದು ಬಣ್ಣದ ಮೀನು ಮಾರುವ ವ್ಯಾಪಾರಿಯ ಬಾಯಿ. ಮೂರು ದಿನದ ಹಿಂದೆ ಬುದ್ಧಿಹಲ್ಲು ಕಿತ್ತ ಗುಳಿಯಲ್ಲಿ ಇರಬೇಕಾಗಿದ್ದ ರಕ್ತದ ಹೆಪ್ಪು ಮಾಯವಾಗಿ, ಒಳಗಿನ ಮೂಳೆ ಕಾಣುತ್ತಿತ್ತು. ನೋವಿಗೆ ವ್ಯಾಪಾರಿಯ ಕಣ್ಣಲ್ಲಿ ನೀರು.

"ನಿಮ್ಮ ನರ್ಸೇ ಮಾಡಿದ್ದು!" ವ್ಯಾಪಾರಿಯ ಹೆಂಡತಿ ಎಗರಾಡಿದಳು. "ನಿನ್ನೆ ಬೆಳಿಗ್ಗೆ ಇವರು ತೋರಿಸೋಕೆ ಬಂದಾಗ ಸಿರಿಂಜಲ್ಲಿ ನೀರು ಬಿಟ್ಟು ತೊಳೆದಿರ್ತಾಳೆ. ನೋವಿನ ಮಾತ್ರೆ ಮಂಪರಲ್ಲಿ ಇವರಿಗೆ ಏನೂ ನೆನಪಿಲ್ಲ. ಅವಳನ್ನ ಕೆಲಸದಿಂದ ತೆಗೀರಿ, ಇಲ್ಲಾಂದ್ರೆ ಊರೆಲ್ಲ ಹೇಳ್ಕೊಂಡು ಬರ್ತೀನಿ."

"ನಾನು ಬರೀ ಟಾರ್ಚ್ ಹಾಕಿ ನೋಡಿದೆ. ಹೆಪ್ಪು ಇತ್ತು," ಎಂದಳು ನರ್ಸ್.

ವೈದ್ಯನಿಗೆ ಜಗಳವಾಡುವ ತ್ರಾಣವಿರಲಿಲ್ಲ. "ನಾಳೆಯಿಂದ ಬರಬೇಡಮ್ಮ," ಎಂದುಬಿಟ್ಟ. ಆರು ವರ್ಷದ ಕೆಲಸ ಕಳೆದುಕೊಂಡ ನರ್ಸ್ ಬಿಳಿ ಕೋಟು ಬಿಚ್ಚಿ ಮಡಚತೊಡಗಿದಳು.

ಗಲಾಟೆ ಕೇಳಿ ಮಹಡಿಯಿಂದ ವೈದ್ಯನ ದೊಡ್ಡಮ್ಮ ಇಳಿದುಬಂದರು. ಆಸ್ಪತ್ರೆಯಲ್ಲಿ ಕಟ್ಟುಹಲ್ಲು ಕಳೆದರೂ ಕೊಡೆ ಕಳೆದರೂ ಪತ್ತೆಹಚ್ಚುತ್ತಿದ್ದುದು ಅವರೇ. ಕಪಾಟಿನಲ್ಲಿದ್ದ ಸಿರಿಂಜಿನ ಹೊಸ ಪೆಟ್ಟಿಗೆಯನ್ನು ಸುತ್ತ ತಿರುಗಿಸಿ ನೋಡಿದರು, ಸೀಲು ಒಡೆದಿರಲಿಲ್ಲ. ಆಮೇಲೆ ವ್ಯಾಪಾರಿಯ ಕೈ ಹಿಡಿದು ನೋಡಿದರು. ಉಗುರಿನ ಸಂದಿಯಲ್ಲಿ ಹಸಿರು ಪಾಚಿ ಇತ್ತು.

"ಸಿಗರೇಟು ಸೇದಿದ್ರೇನಪ್ಪಾ?"

"ಇಲ್ಲಮ್ಮಾ. ಸ್ಟ್ರಾನೂ ಮುಟ್ಟಿಲ್ಲ, ಜೋರಾಗಿ ಉಗಿದೂ ಇಲ್ಲ. ಡಾಕ್ಟ್ರು ಕೊಟ್ಟ ಚೀಟೀಲಿ ಬರೆದಿದ್ದ ಹಾಗೇ ಇದ್ದೆ. ಅಂಗಡೀನೂ ಮುಚ್ಚಿ, ಮೀನುಗಳನ್ನ ಮನೆ ತೊಟ್ಟಿಗೇ ತಂದಿಟ್ಟೆ."

ದೊಡ್ಡಮ್ಮ ಎಲ್ಲರನ್ನೂ ಕೂರಿಸಿದರು. "ಇವರ ಹಲ್ಲು ಕಿತ್ತ ದಿನ ತೊಳೆಯೋ ಸಿರಿಂಜು ಮುಗೀತು ಅಂತ ನೀನೇ ಹೊಸ ಪೆಟ್ಟಿಗೆ ತರಿಸಿದೆ ಅಲ್ವೇನೋ?" ಎಂದು ವೈದ್ಯನನ್ನು ಕೇಳಿದರು. "ಅದಿನ್ನೂ ಒಡೆದಿಲ್ಲ. ಮತ್ತೆ ಇವಳು ತೊಳೆದಿದ್ದು ಯಾವುದರಿಂದ?" ವ್ಯಾಪಾರಿಯ ಕಡೆ ತಿರುಗಿದರು. "ಉಗುರಿನ ಪಾಚಿ ಹೇಳ್ತಿದೆ, ನೀವು ತೊಟ್ಟಿ ತೊಳೆದಿದೀರ. ನೀರು ಹೇಗೆ ಖಾಲಿ ಮಾಡಿದ್ರಿ?"

"ಪೈಪಿನ ಒಂದು ತುದಿ ತೊಟ್ಟಿಗೆ ಬಿಟ್ಟು, ಇನ್ನೊಂದನ್ನ ಬಾಯಲ್ಲಿಟ್ಟು ಎಳೆ..." ವ್ಯಾಪಾರಿ ಕೆನ್ನೆ ಹಿಡಿದುಕೊಂಡ. "ಅಯ್ಯಯ್ಯೋ!"

"ಸ್ಟ್ರಾ ಬೇಡ ಅಂದ್ರೆ ಸ್ಟ್ರಾ ಒಂದೇ ಅಂದ್ಕೊಂಡ್ರಿ. ದಿನಾ ಬಾಯಿಗಿಡೋ ಪೈಪು ನೆನಪಾಗಲಿಲ್ಲ. ಆ ಎಳೆತಕ್ಕೇ ಹೆಪ್ಪು ಕಿತ್ತು ಬಂದಿದೆ. ಯಾವಾಗ ಮಾಡಿದ್ದು?"

"ನಿನ್ನೆ ಸಂಜೆ. ಮನೆಯೆಲ್ಲ ನಾರ್ತಿದೆ, ನೀರು ಬದಲಾಯಿಸಿ ಅಂತ ಇವಳೇ ಪ್ರಾಣ ತಿಂದ್ಲು."

ಹೆಂಡತಿ ತಲೆ ತಗ್ಗಿಸಿದಳು.

"ತಪ್ಪಾಯ್ತಮ್ಮಾ, ಹೋಗಬೇಡ," ಎಂದ ವೈದ್ಯ.

ನರ್ಸ್ ಕೋಟು ತೊಟ್ಟಳು. ಗುಳಿಗೆ ತುಂಬಲು ಲವಂಗದೆಣ್ಣೆಯ ಮದ್ದು ಸವರಿದ ಬಟ್ಟೆಯ ಪಟ್ಟಿಯನ್ನು ವೈದ್ಯನ ಕೈಗಿಟ್ಟಳು. "ದೊಡ್ಡಮ್ಮ ಪೆಟ್ಟಿಗೆ ನೋಡಿದ್ರು, ಉಗುರು ನೋಡಿದ್ರು," ಎಂದಳು. "ನೀವು ನನ್ನ ಮುಖಾನೂ ನೋಡಲಿಲ್ಲ, ಡಾಕ್ಟ್ರೇ."